ಒಂದು ಮಗುವಿನ ಪಥ್ಯ, ಒಂದು ಮನೆಯ ಊಟ



ಮಕ್ಕಳಿಗೆ ಬರುವ ಕ್ಯಾನ್ಸರಿನ ಬಗ್ಗೆ ಮೊದಲು ಹೇಳಬೇಕಾದ ಮಾತು, ಅದರಲ್ಲಿ ಹೆಚ್ಚಿನವು ವಾಸಿಯಾಗುವ ಕಾಯಿಲೆಗಳು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವುದು ರಕ್ತದ ಕ್ಯಾನ್ಸರ್. ಅದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಅಪ್ಪ ಅಮ್ಮ ತಿನ್ನಿಸಿದ ಯಾವ ಊಟವೂ, ಹಿಂದಿನ ಜನ್ಮದ ಯಾವ ಕರ್ಮವೂ ಅದಕ್ಕೆ ಕಾರಣವಲ್ಲ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ 100 ಮಕ್ಕಳಲ್ಲಿ 80ಕ್ಕೂ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಬಡತನವಿರುವ ಅನೇಕ ದೇಶಗಳಲ್ಲಿ ಆ ಸಂಖ್ಯೆ 30ನ್ನೂ ಮುಟ್ಟುವುದಿಲ್ಲ. 2030ರ ಹೊತ್ತಿಗೆ ಜಗತ್ತಿನಲ್ಲಿ 100ಕ್ಕೆ 60 ಮಕ್ಕಳಾದರೂ ಉಳಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗುರಿ ಇಟ್ಟುಕೊಂಡಿತು.

ನಮ್ಮ ಕಡೆ ಮಕ್ಕಳು ಕೈತಪ್ಪಿ ಹೋಗುವುದಕ್ಕೆ ಕಾಯಿಲೆ ತಡವಾಗಿ ಗೊತ್ತಾಗುವುದು ಒಂದು ಕಾರಣ. ನಡುವೆ ತಗಲುವ ಸೋಂಕು ಇನ್ನೊಂದು, ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟುಬರುವುದು ಮತ್ತೊಂದು. ಈ ಕೊನೆಯ ಎರಡಕ್ಕೂ ಊಟಕ್ಕೂ ನೇರವಾದ ನಂಟಿದೆ. ಮೈಯಲ್ಲಿ ಕಸುವಿಲ್ಲದ ಮಗುವಿಗೆ ಕ್ಯಾನ್ಸರಿಗೆ ಕೊಡುವ ಕಿಮೋ ಮದ್ದು ಹೆಚ್ಚು ಹಿಂಸೆ ಕೊಡುತ್ತದೆ, ಸೋಂಕು ಬೇಗ ಹತ್ತುತ್ತದೆ, ಡಾಕ್ಟರು ಮದ್ದನ್ನು ಮುಂದೂಡಬೇಕಾಗುತ್ತದೆ. ಮನೆಯಲ್ಲಿ ದುಡ್ಡು, ದವಸ ಎರಡೂ ಬರಿದಾದಾಗ "ಸಾಕು, ಊರಿಗೆ ಹೋಗಾನ" ಅನ್ನುವ ಮಾತು ಬರುತ್ತದೆ.

ನಂಜನಗೂಡು ಅಥವಾ ತಿರುಮಕೂಡಲು ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಮಗುವಿನ ದಾರಿ ನೋಡಿ. ಜ್ವರ ಬಿಡುವುದಿಲ್ಲ, ಮೈ ಬಿಳಿಚಿಕೊಂಡಿದೆ, ಕಾಲುನೋವು ಅಂತ ಮಗು ರಾತ್ರಿ ಅಳುತ್ತದೆ. ತಾಲ್ಲೂಕು ಆಸ್ಪತ್ರೆಯಿಂದ ಮೈಸೂರಿನ ದೊಡ್ಡಾಸ್ಪತ್ರೆಗೋ ಚೆಲುವಾಂಬ ಆಸ್ಪತ್ರೆಗೋ ಹೋಗುತ್ತಾರೆ. ಅನೇಕರಿಗೆ ಅಲ್ಲಿಂದ ಮುಂದೆ ಬೆಂಗಳೂರು. 1973ರಿಂದ ನಡೆದುಬಂದಿರುವ ಅಲ್ಲಿನ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯ ಹೆಸರನ್ನು ಈ ಕಡೆಯ ಹಳ್ಳಿಗಳಲ್ಲಿ ಕೇಳದವರು ಕಡಿಮೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಎರಡು, ಎರಡೂವರೆ ವರ್ಷ ನಡೆಯುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ತಾಯಿಗೆ ಟಿಕೆಟ್ ದುಡ್ಡಿಲ್ಲ. ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವವರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಿದರೆ ನಂಜನಗೂಡು ಸ್ಟೇಷನ್ನಿನಲ್ಲೇ ಆ ಟಿಕೆಟ್ ಕೇಳಬಹುದು. ನರಸೀಪುರಕ್ಕೆ ರೈಲಿಲ್ಲ, ಅವರು ಮೈಸೂರಿಗೆ ಬಂದು ಹತ್ತಬೇಕು.

ಇಷ್ಟೆಲ್ಲ ನೆರವು ಇದ್ದೂ ಮನೆಯೊಳಗೆ ಏನಾಗುತ್ತದೆ? ಅಪ್ಪನ ಕೂಲಿ ನಿಲ್ಲುತ್ತದೆ. ಮೊದಲ ತಿಂಗಳಲ್ಲೇ ಕರೆಯುವ ಹಸುವನ್ನು ಮಾರುತ್ತಾರೆ. ಹಸು ಹೋದ ದಿನ ಆ ಮನೆಯ ಹಾಲು, ಮೊಸರು, ತುಪ್ಪ ಎಲ್ಲವೂ ಹೋದವು ಅಂತ ತಿಳಿಯಿರಿ. ತಾಯಿ ಆಸ್ಪತ್ರೆಯ ಜಗಲಿಯಲ್ಲಿ ಒಂದು ಬನ್ನು, ಒಂದು ಲೋಟ ಟೀಯಲ್ಲಿ ಮಧ್ಯಾಹ್ನ ಕಳೆಯುತ್ತಾಳೆ. ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟುಬಂದ ಇನ್ನೊಂದು ಮಗು ಎರಡು ಹೊತ್ತೂ ತಿಳಿಸಾರು ಅನ್ನ ಉಣ್ಣುತ್ತದೆ. ನಾವು ಆಹಾರದ ಸಲಹೆ ಕೊಡುವವರು ಒಂದು ಹಾಳೆಯಲ್ಲಿ "ದಿನಕ್ಕೆ ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು, ಬೇಳೆ, ಹಣ್ಣು" ಎಂದು ಬರೆದುಕೊಡುತ್ತೇವೆ. ಆ ಹಾಳೆ ಒಂದೇ ಮಗುವಿಗೆ ಬರೆದದ್ದು. ಅದನ್ನು ಓದುವ ತಾಯಿಗೆ ಇಬ್ಬರು ಮಕ್ಕಳು. ಒಬ್ಬನಿಗೆ ಮೊಟ್ಟೆ ಬೇಯಿಸಿ ಇನ್ನೊಬ್ಬಳ ಮುಖ ನೋಡುತ್ತ ಕೂರಲು ಯಾವ ತಾಯಿಗೂ ಆಗುವುದಿಲ್ಲ, ಇದ್ದದ್ದನ್ನು ಹಂಚುತ್ತಾಳೆ. ಮನೆಗೆಲ್ಲ ಊಟ ಸೇರುವವರೆಗೆ ಕಾಯಿಲೆಯ ಮಗುವಿಗೂ ಊಟ ಪೂರ್ತಿ ಸೇರುವುದಿಲ್ಲ. ಇವತ್ತು ನಾನು ಹೇಳಲು ಬಂದ ಮುಖ್ಯ ಮಾತು ಇದು.

ಊಟ ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ತೂಕ ನೋಡುತ್ತೇವೆ, ಆದರೆ ತೂಕ ಕೆಲವು ಸಲ ಮೋಸ ಮಾಡುತ್ತದೆ. ಹೊಟ್ಟೆಯಲ್ಲಿ ಮೂತ್ರಪಿಂಡದ ಗಡ್ಡೆ ಇರುವ ಮಗುವಿನ ತೂಕದಲ್ಲಿ ಗಡ್ಡೆಯದೂ ಸೇರಿರುತ್ತದೆ. ಸ್ಟಿರಾಯ್ಡ್ ಮಾತ್ರೆ ತಿನ್ನುವ ಮಗುವಿನ ಮುಖ ದುಂಡಗೆ ಊದಿಕೊಂಡಿರುತ್ತದೆ, ನೆಂಟರು "ಚೆನ್ನಾಗಿ ಆಗವ್ನೆ" ಅನ್ನುತ್ತಾರೆ, ಒಳಗೆ ಮಾಂಸಖಂಡ ಕರಗುತ್ತಿರುತ್ತದೆ. ಅದಕ್ಕೇ ತೋಳಿನ ಸುತ್ತಳತೆ ನೋಡಬೇಕು. ಅಂಗನವಾಡಿಯಲ್ಲಿ ಕೆಂಪು, ಹಳದಿ, ಹಸಿರು ಬಣ್ಣದ ಒಂದು ಪಟ್ಟಿ ಇರುತ್ತದಲ್ಲ, ಅದೇ. ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಗುವಿನ ತೋಳು 12.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಎಚ್ಚರಿಕೆ, 11.5ಕ್ಕಿಂತ ಕಡಿಮೆ ಇದ್ದರೆ ಅಪಾಯ. ದೊಡ್ಡ ಮಕ್ಕಳಿಗೆ ಬೇರೆ ಲೆಕ್ಕವಿದೆ. ಆದರೂ ತಿಂಗಳಿಗೊಮ್ಮೆ ಅದೇ ತೋಳನ್ನು ಅಳೆದು ಬರೆದಿಟ್ಟರೆ ಏರಿತೋ ಇಳಿಯಿತೋ ಯಾರಿಗಾದರೂ ಗೊತ್ತಾಗುತ್ತದೆ. ನಿಮ್ಮೂರ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿಕೊಳ್ಳಿ, ಎರಡು ನಿಮಿಷದ ಕೆಲಸ.

ಇನ್ನು ಪಥ್ಯದ ವಿಚಾರ. ನಮ್ಮ ಸೀಮೆಯಲ್ಲಿ ಕಾಯಿಲೆ ಅಂದಕೂಡಲೇ ಬಿಡಿಸುವ ಪದಾರ್ಥಗಳ ಪಟ್ಟಿ ಉದ್ದವಾಗುತ್ತದೆ. "ಮೊಟ್ಟೆ ಉಷ್ಣ ಆಯ್ತದೆ ಕಣವ್ವ", "ಬಾಳೆಹಣ್ಣು ಶೀತ", "ಕಡ್ಲೆಕಾಯಿ ಪಿತ್ತ", "ಕೋಳಿ ಕೊಟ್ರೆ ನಂಜಾಯ್ತದೆ". ಹೇಳುವವರು ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳುತ್ತಾರೆ. ಆ ಪಟ್ಟಿಯನ್ನೆಲ್ಲ ಪಾಲಿಸಿದರೆ ತಟ್ಟೆಯಲ್ಲಿ ಉಳಿಯುವುದು ಅನ್ನ, ತಿಳಿಸಾರು, ಬ್ರೆಡ್ಡು. ಗಾಯ ಮಾಯಲು, ರಕ್ತಕಣ ಹುಟ್ಟಲು, ಸೋಂಕನ್ನು ತಡೆಯಲು ಬೇಕಾದ ಪ್ರೋಟೀನು ಬಿಟ್ಟುಹೋದ ಪದಾರ್ಥಗಳಲ್ಲೇ ಇತ್ತು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ. ಹಳದಿ, ಬಿಳಿ ಎರಡೂ ಗಟ್ಟಿಯಾಗುವಂತೆ ಬೇಯಿಸಿದ ಮೊಟ್ಟೆ ಮಗುವಿಗೆ ಒಳ್ಳೆಯದು. ಮೊಟ್ಟೆ ತಿನ್ನದ ಮನೆಗಳಿಗೆ ಬೇಳೆ, ಕಡಲೆಕಾಯಿ, ಹುರುಳಿ, ಅವರೆ, ಹಾಲು, ಮೊಸರು ಇವೆ, ಅವರೂ ಚಿಂತಿಸಬೇಕಿಲ್ಲ. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ ಎಂದು ಮೊಬೈಲಿನಲ್ಲಿ ಬರುವ ಮಾತನ್ನು ನಂಬಿ ಸೊರಗಿದ ಮಗುವಿನ ಹಾಲಿಗೆ ಒಂದು ಚಮಚ ಬೆಲ್ಲ ಹಾಕುವುದನ್ನೂ ನಿಲ್ಲಿಸಬೇಡಿ. ಸ್ಟಿರಾಯ್ಡಿನಿಂದ ರಕ್ತದಲ್ಲಿ ಸಕ್ಕರೆ ಏರಿದ್ದರೆ ಡಾಕ್ಟರೇ ಹೇಳುತ್ತಾರೆ, ಆಗ ಕಡಿಮೆ ಮಾಡಿದರಾಯಿತು.

ಕಾಲು ಸೂಪಿನ ಬಗ್ಗೆ ಒಂದು ಮಾತು. ಶಕ್ತಿ ಬರಲಿ ಎಂದು ವಾರವಾರ ದುಡ್ಡು ಹಾಕಿ ಮೂಳೆ ತಂದು ಗಂಟೆಗಟ್ಟಲೆ ಕುದಿಸಿ ಬರೀ ತಿಳಿಯನ್ನು ಕುಡಿಸುತ್ತಾರೆ. ಆ ತಿಳಿಯಲ್ಲಿ ಇಳಿಯುವ ಸುಣ್ಣದ ಅಂಶ ಬಹಳ ಕಡಿಮೆ. ಅದೇ ದುಡ್ಡಿಗೆ ಮೊಟ್ಟೆ ತನ್ನಿ, ಇಲ್ಲವೇ ಸಾರಿನ ಜೊತೆ ಮಾಂಸವನ್ನೂ ಮೆತ್ತಗೆ ಬೇಯಿಸಿ ತಿನ್ನಿಸಿ. ಸುಣ್ಣದ ಅಂಶ ಬೇಕೆಂದರೆ ನಿಮ್ಮ ಮನೆಯ ರಾಗಿಯಲ್ಲೇ ಇದೆ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಅಷ್ಟೇ ಹಾಲಿನಲ್ಲಿರುವುದು ಸುಮಾರು 120.

ರಾಗಿಯ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಈ ವಿದ್ಯೆ ನಮ್ಮ ಮೈಸೂರಿನದೇ. ಬಾಯಿ ಹುಣ್ಣಾದ ಮಗುವಿಗೆ ಗಂಜಿ ಬಿಟ್ಟರೆ ಬೇರೆ ಇಳಿಯುವುದಿಲ್ಲ. ತೆಳ್ಳಗೆ ಮಾಡಿದರೆ ಅದರಲ್ಲಿ ನೀರೇ ಹೆಚ್ಚು, ಗಟ್ಟಿ ಮಾಡಿದರೆ ನುಂಗಲಾಗದು. 1950ರಲ್ಲಿ ಚೆಲುವಾಂಬ ಅರಮನೆಯಲ್ಲಿ ಶುರುವಾದ ಸಿಎಫ್‌ಟಿಆರ್‌ಐ ಎಂಬ ಆಹಾರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳಾದ ಎನ್.ಜಿ. ಮಲ್ಲೇಶಿ ಮತ್ತು ಎಚ್.ಎಸ್.ಆರ್. ದೇಶಿಕಾಚಾರ್ 1980ರ ದಶಕದಲ್ಲಿ ಮೊಳಕೆ ರಾಗಿ, ಹೆಸರುಕಾಳಿನಿಂದ ಮಕ್ಕಳ ಆಹಾರ ಮಾಡುವ ಬಗ್ಗೆ ಕೆಲಸ ಮಾಡಿದರು. ರಾಗಿ ಮೊಳೆಯುವಾಗ ಅದರೊಳಗೆ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಹಿಟ್ಟಿನ ಪಿಷ್ಟವನ್ನು ತುಂಡರಿಸಿ ಗಂಜಿಯ ಅಂಟನ್ನು ಬಿಡಿಸುತ್ತದೆ. ಹೀಗಾಗಿ ಒಂದು ಲೋಟ ಗಂಜಿಯಲ್ಲಿ ಹೆಚ್ಚು ಹಿಟ್ಟು ಹಿಡಿಸಬಹುದು, ಆದರೂ ಅದು ಕುಡಿಯುವಷ್ಟು ತೆಳ್ಳಗಿರುತ್ತದೆ.

ಮಾಡುವ ಬಗೆ ಹೀಗೆ. ರಾಗಿಯನ್ನು ಚೆನ್ನಾಗಿ ತೊಳೆದು ರಾತ್ರಿ ನೆನೆಹಾಕಿ. ಬೆಳಿಗ್ಗೆ ನೀರು ಬಸಿದು ತೆಳು ಬಟ್ಟೆಯಲ್ಲಿ ಕಟ್ಟಿ ಇಡಿ, ಬಟ್ಟೆ ಒಣಗಲು ಬಿಡಬೇಡಿ. ಒಂದೆರಡು ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ಬೂಷ್ಟು ಬಂದಿದ್ದರೆ ಎಲ್ಲವನ್ನೂ ಎಸೆದುಬಿಡಿ. ಬಂದಿಲ್ಲವಾದರೆ ಚೆನ್ನಾಗಿ ಒಣಗಿಸಿ, ಕೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಬಾಂಡ್ಲಿ ಬೆಚ್ಚಗಾಗುವಷ್ಟು ಕಾವಿನಲ್ಲಿ ಮಾತ್ರ ಹುರಿದು ಬೀಸಿ. ಕೆಂಪಗೆ ಹುರಿದರೆ ಘಮ ಬರುತ್ತದೆ, ಕಿಣ್ವ ಸಾಯುತ್ತದೆ. ಮಾಮೂಲಿ ರಾಗಿಹಿಟ್ಟಿನಲ್ಲೋ ಅಕ್ಕಿ, ಹೆಸರುಬೇಳೆ ತರಿಯಲ್ಲೋ ಗಟ್ಟಿ ಗಂಜಿ ಬೇಯಿಸಿ ಇಳಿಸಿ. ಬೆರಳಿಗೆ ತಡೆಯುವಷ್ಟು ಆರಿದ ಮೇಲೆ ಒಂದು ಚಮಚ ಮೊಳಕೆಹಿಟ್ಟು ಹಾಕಿ ತಿರುವಿ. ಕೆಲವೇ ನಿಮಿಷದಲ್ಲಿ ಸೌಟಿಗೆ ಅಂಟಿಕೊಂಡಿದ್ದ ಗಂಜಿ ಸಡಿಲಾಗಿ ಹರಿಯುತ್ತದೆ. ಆಗ ಮತ್ತೊಂದು ಕುದಿ ಕುದಿಸಿ, ಹಾಲು, ಬೆಲ್ಲ, ಒಂದು ಚಮಚ ತುಪ್ಪ ಅಥವಾ ಹುರಿದ ಕಡಲೆಕಾಯಿ ಪುಡಿ ಸೇರಿಸಿ ಕೊಡಿ. ಕೊನೆಯ ಕುದಿಯನ್ನು ಮಾತ್ರ ಬಿಡಬೇಡಿ. ಬಿಳಿ ರಕ್ತಕಣ ಕಡಿಮೆ ಇರುವ ಮಗುವಿಗೆ ಹಸಿ ಹಿಟ್ಟಿನಿಂದ ಸೋಂಕು ತಗಲಬಹುದು.

"ಕೌಂಟು ಬಿದ್ದೋಗದೆ" ಎಂದು ತಾಯಂದಿರು ಹೇಳುತ್ತಾರಲ್ಲ, ಬಿಳಿ ರಕ್ತಕಣ ಇಳಿದಿರುವ ಆ ದಿನಗಳಲ್ಲಿ ಎಚ್ಚರ ಹೆಚ್ಚು ಬೇಕು. ಆಗಿಂದಾಗ ಬೇಯಿಸಿದ್ದು, ಬಿಸಿಯಾಗಿರುವುದು, ಮುಚ್ಚಿಟ್ಟದ್ದು, ಇಷ್ಟೇ ನಿಯಮ. ನೀರು, ಹಾಲು ಕುದಿಸಿಯೇ ಕೊಡಬೇಕು. ರಾತ್ರಿಯ ತಂಗಳು, ನೆನ್ನೆ ಹುಳಿಸಿದ ಅಂಬಲಿ, ಬೀದಿಯ ಪಾನಿಪೂರಿ, ಕತ್ತರಿಸಿಟ್ಟ ಹಣ್ಣು ಬೇಡ. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ಆಗಬಹುದು. ಹುಣ್ಣಾದ ಬಾಯಿಗೆ ನಂಜನಗೂಡು ರಸಬಾಳೆಗಿಂತ ಮೆತ್ತನೆಯ ಹಣ್ಣು ನನಗೆ ತೋಚುವುದಿಲ್ಲ. ಸೊರಗು ರೋಗ ಬಡಿದು ಅದನ್ನು ಬೆಳೆಯುವ ತೋಟಗಳೇ ಕಡಿಮೆಯಾಗಿರುವುದು ಈ ತಾಲ್ಲೂಕಿನ ದುಃಖ. ಪಚ್ಚಬಾಳೆಯೂ ಅದೇ ಕೆಲಸ ಮಾಡುತ್ತದೆ. ಎಲ್ಲ ಹಣ್ಣು, ಎಲ್ಲ ತರಕಾರಿ ಬಿಡಿಸುವ ಕಟ್ಟುನಿಟ್ಟಿನ ಪಥ್ಯದಿಂದ ಸೋಂಕು ಇನ್ನಷ್ಟು ಕಡಿಮೆಯಾದದ್ದನ್ನು ಅಧ್ಯಯನಗಳು ಕಂಡಿಲ್ಲ. ಕೈ ತೊಳೆಯುವುದೇ ಅದಕ್ಕಿಂತ ದೊಡ್ಡದು.

ಕಿಮೋ ದಿನ ಮಗುವಿಗೆ ತುಂಬ ಇಷ್ಟವಾದ ತಿಂಡಿ ಕೊಡಬೇಡಿ. ವಿಚಿತ್ರ ಅನ್ನಿಸಬಹುದು. ಅಮೆರಿಕದ ಸಿಯಾಟಲ್‌ನಲ್ಲಿ ಐಲೀನ್ ಬರ್ನ್‌ಸ್ಟೀನ್ ಎಂಬ ಸಂಶೋಧಕಿ ಕಿಮೋಗೆ ಮುಂಚೆ ಮಕ್ಕಳಿಗೆ ಹೊಸ ರುಚಿಯ ಐಸ್‌ಕ್ರೀಮ್ ಕೊಟ್ಟು ನೋಡಿದ್ದರು. 1978ರಲ್ಲಿ ಅದನ್ನು ಪ್ರಕಟಿಸಿದರು. ವಾಂತಿಯ ಜೊತೆ ಆ ರುಚಿ ಮನಸ್ಸಿನಲ್ಲಿ ಗಂಟುಬಿದ್ದು, ಆಮೇಲೆ ಅನೇಕ ಮಕ್ಕಳು ಆ ಐಸ್‌ಕ್ರೀಮನ್ನೇ ಒಲ್ಲೆ ಎಂದರು. ಒತ್ತು ಶಾವಿಗೆಯೋ ಹೋಳಿಗೆಯೋ ಮಗುವಿನ ಪ್ರಾಣವಾಗಿದ್ದರೆ ಅದನ್ನು ಮೈ ಹಗುರಾದ ದಿನಕ್ಕೆ ಇಟ್ಟುಕೊಳ್ಳಿ.

ಸ್ಟಿರಾಯ್ಡ್ ವಾರಗಳಲ್ಲಿ ಇದಕ್ಕೆ ಪೂರ್ತಿ ತದ್ವಿರುದ್ಧ. ರಾತ್ರಿ ಎರಡು ಗಂಟೆಗೆ ಎದ್ದು ಕೂತು ಮಗು ಊಟ ಕೇಳುತ್ತದೆ, ಉಪ್ಪಿನದು, ಖಾರದ್ದು, ಪ್ಯಾಕೆಟ್ಟಿನದು ಬೇಕೆಂದು ಹಟ ಹಿಡಿಯುತ್ತದೆ. ಅದು ಔಷಧದ ಹಸಿವು. ಬೈಯಬೇಡಿ, ಅಂಗಡಿಗೂ ಓಡಬೇಡಿ. ಬೇಯಿಸಿದ ಕಡಲೆಕಾಯಿ, ಮೊಟ್ಟೆ, ಉಪ್ಪು ಕಡಿಮೆ ಹಾಕಿದ ಹುರುಳಿ ಉಸಲಿ ಮಾಡಿಟ್ಟುಕೊಂಡಿರಿ.

ರಕ್ತ ಕಡಿಮೆ ಎಂದು ಬೀಟ್‌ರೂಟ್, ದಾಳಿಂಬೆ ರಸಕ್ಕೆ ಸಾಲ ಮಾಡುವವರನ್ನು ಕಂಡಿದ್ದೇನೆ. ಈ ಮಕ್ಕಳಲ್ಲಿ ರಕ್ತ ಇಳಿಯುವುದು ಮೂಳೆಯ ಮಜ್ಜೆ ಕೆಲಸ ಮಾಡದೆ. ದಾಳಿಂಬೆ ಹಣ್ಣಾಗಿ ಚೆನ್ನ, ಅದರಿಂದ ಕೌಂಟ್ ಏರುವುದಿಲ್ಲ. ಕಬ್ಬಿಣದ ಟಾನಿಕ್ಕನ್ನಂತೂ ಕೇಳದೆ ಕೊಡಬೇಡಿ, ಪದೇಪದೇ ರಕ್ತ ಹಾಕಿಸಿಕೊಂಡ ಮಗುವಿನ ಮೈಯಲ್ಲಿ ಆಗಲೇ ಕಬ್ಬಿಣ ಹೆಚ್ಚಾಗಿರಬಹುದು. ಯಾರೋ ಕೊಟ್ಟ ಬೇರು, ಎಲೆಯ ರಸ ಕುಡಿಸುತ್ತಿದ್ದರೆ ಮುಚ್ಚಿಡಬೇಡಿ, ಡಾಕ್ಟರಿಗೆ ಹೇಳಿ. ಕಿಮೋ ಮದ್ದುಗಳ ಭಾರವನ್ನು ಆಗಲೇ ಹೊತ್ತಿರುವ ಈಲಿಯ ಮೇಲೆ ಇನ್ನೊಂದು ಭಾರ ಹೊರಿಸುವ ಮುಂಚೆ ಅವರಿಗೆ ತಿಳಿದಿರಬೇಕು.

ಚಿಕಿತ್ಸೆ ಮುಗಿದ ದಿನದ ಸಂತೋಷ ಹೇಳತೀರದು. ಉದುರಿದ ಕೂದಲು ಮತ್ತೆ ಹುಟ್ಟಿರುತ್ತದೆ. ಮಗುವನ್ನು ಕರೆದುಕೊಂಡು ಹೋಗಿ ನಂಜನಗೂಡಿನ ಶ್ರೀಕಂಠೇಶ್ವರನಿಗೆ ಮುಡಿ ಕೊಟ್ಟು, ಕಪಿಲಾ ಹೊಳೆಯಲ್ಲಿ ಮಿಂದು ಹರಕೆ ತೀರಿಸುವ ಮನೆಗಳಿವೆ. "ದಾಸೋಹದಲ್ಲಿ ಉಣ್ಣಿಸ್ಬೌದಾ ಮೇಡಂ?" ಎಂದು ಕೇಳುತ್ತಾರೆ. ಡಾಕ್ಟರು ಕೌಂಟ್ ಸರಿಯಿದೆ ಎಂದಿದ್ದರೆ ಧಾರಾಳವಾಗಿ ಉಣ್ಣಲಿ, ಎಲ್ಲ ಮಕ್ಕಳ ಪಂಕ್ತಿಯಲ್ಲೇ ಕೂತು ಉಣ್ಣಲಿ. ಮನೆಯಲ್ಲಿ ಆ ಮಗುವಿಗೆಂದು ಬೇರೆ ಇಟ್ಟಿದ್ದ ತಟ್ಟೆ, ಲೋಟವನ್ನೂ ಅವತ್ತೇ ಒಳಗೆ ಸೇರಿಸಿಕೊಳ್ಳಿ.

ಆಸ್ಪತ್ರೆಯ ಆಹಾರ ಸಲಹೆ ಅಲ್ಲಿಗೆ ನಿಂತುಬಿಡುತ್ತದೆ. ಊಟದ ಇನ್ನೊಂದು ಕಷ್ಟ ಅಲ್ಲಿಂದಲೇ ಶುರು. ಎರಡು ವರ್ಷ ಸೂಜಿ ಚುಚ್ಚಿಸಿಕೊಂಡ ಮಗುವಿಗೆ ಇಲ್ಲ ಎನ್ನಲು ಅಪ್ಪನಿಗೆ ಬಾಯಿ ಬರುವುದಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದರೆ ಚಿಪ್ಸ್, ಬೇಕರಿಗೆ ಹೋದರೆ ಕ್ರೀಮ್ ಬನ್, ಜೊತೆಗೆ ಬಣ್ಣದ ಬಾಟಲಿ. ನೆಂಟರು ತರುವುದೂ ಅದನ್ನೇ. ಸುಸ್ತಾಗುತ್ತದೆ ಎಂದು ಆಟಕ್ಕೂ ಬಿಡುವುದಿಲ್ಲ. ರಕ್ತದ ಕ್ಯಾನ್ಸರ್ ಗೆದ್ದ ಮಕ್ಕಳಲ್ಲಿ, ಅದರಲ್ಲೂ ತಲೆಗೆ ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಂಡವರಲ್ಲಿ, ಬೊಜ್ಜು ಬರುವ ಸಂಭವ ಹೆಚ್ಚು. ಸ್ಟಿರಾಯ್ಡ್, ಮೆಥೊಟ್ರೆಕ್ಸೇಟ್ ಮದ್ದುಗಳಿಂದ ಮೂಳೆ ಸವೆದಿರಬಹುದು. ಡಾಕ್ಸೊರುಬಿಸಿನ್ ಜಾತಿಯ ಮದ್ದುಗಳು ಹೃದಯವನ್ನು ವರ್ಷಗಳ ನಂತರವೂ ದುರ್ಬಲಗೊಳಿಸಬಹುದು. ಗಡ್ಡೆಯ ಜೊತೆ ಒಂದು ಮೂತ್ರಪಿಂಡವನ್ನೂ ತೆಗೆಸಿಕೊಂಡ ಮಗು ಬಾಳೆಲ್ಲ ಇನ್ನೊಂದನ್ನು ಕಾಪಾಡಿಕೊಳ್ಳಬೇಕು. ಅವರಿಗೆ ನೀರು ಚೆನ್ನಾಗಿ ಕುಡಿಯುವುದು, ರಕ್ತದೊತ್ತಡ ನೋಡಿಸಿಕೊಳ್ಳುವುದು, ಸಿಕ್ಕಸಿಕ್ಕ ನೋವಿನ ಮಾತ್ರೆ ನುಂಗದಿರುವುದು ಅಭ್ಯಾಸವಾಗಬೇಕು. ಇಂಥ ಮಗುವಿಗೆ ಉಪ್ಪು ತುಂಬಿದ ಪ್ಯಾಕೆಟ್ಟು ಕೊಡುವುದು ಮುದ್ದಲ್ಲ ಎಂದು ಅಪ್ಪಂದಿರಿಗೆ ಕೈಮುಗಿದು ಹೇಳುತ್ತೇನೆ. ಮುದ್ದೆ, ಬಸ್ಸಾರು, ಸೊಪ್ಪು, ಕಾಳು, ಹಾಲು, ಬೆಳಗಿನ ಬಿಸಿಲಲ್ಲಿ ಓಡಾಟ, ಇವು ಮೂಳೆಗೂ ಹೃದಯಕ್ಕೂ ಒಳ್ಳೆಯವು. ಇದೇ ಊಟ ಅಕ್ಕತಂಗಿಯರಿಗೂ ಅಪ್ಪ ಅಮ್ಮನಿಗೂ ಒಳ್ಳೆಯದೇ. ಬೇರೆ ಅಡುಗೆ ಬೇಕಾಗಿಲ್ಲ.

ಮನೆಮಂದಿಗೆಲ್ಲ ಊಟ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ ಕ್ಷಯರೋಗದಲ್ಲಿ ಒಂದು ದೊಡ್ಡ ಸಾಕ್ಷಿ ಸಿಕ್ಕಿದೆ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಅವರ ತಂಡ ಜಾರ್ಖಂಡ್‌ನಲ್ಲಿ ಕ್ಷಯ ರೋಗಿಗಳ ಮನೆಯ ಸುಮಾರು 10 ಸಾವಿರ ಜನರನ್ನು ಅಧ್ಯಯನ ಮಾಡಿ 2023ರ ಆಗಸ್ಟ್‌ನಲ್ಲಿ ಫಲಿತಾಂಶ ಪ್ರಕಟಿಸಿತು. ರೋಗಿಗೆ ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ಚೀಲ ಕೊಟ್ಟರು. ಮನೆಯ ಉಳಿದವರಿಗೂ ತಲಾ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ ಕೊಟ್ಟ ಕಡೆ ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಸುಮಾರು ಶೇ. 40ರಷ್ಟು ಕಡಿಮೆಯಾಯಿತು. ಕ್ಯಾನ್ಸರ್ ಬೇರೆ, ಕ್ಷಯ ಬೇರೆ, ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಚ್ಚಲಾಗದು. ಆದರೆ ರೋಗಿಗೆ ಕೊಟ್ಟ ಊಟ ಮನೆಯಲ್ಲಿ ಹಂಚಿಹೋಗುತ್ತದೆ ಎಂಬುದು ಎರಡೂ ಕಡೆ ನಿಜ. ಕ್ಷಯ ರೋಗಿಗೆ 2018ರಿಂದ ಸರ್ಕಾರ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತ ಬಂತು, 2024ರ ನವೆಂಬರಿನಿಂದ ಅದು 1,000 ಆಗಿದೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಗುವಿನ ಮನೆಗೂ ಅಂಥದೊಂದು ಏರ್ಪಾಡು ಬೇಕು.

ಅದು ಬರುವವರೆಗೆ ಕಾಯದೆ ತಾಲ್ಲೂಕಿನಲ್ಲೇ ಆಗಬಹುದಾದ ಕೆಲಸವೂ ಇದೆ. ಶಾಲೆಗೆ ಹೋಗುವ ಮಗುವಿಗೆ ಬಿಸಿಯೂಟ ಸಿಗುತ್ತದೆ, 2013ರಿಂದ ಕ್ಷೀರಭಾಗ್ಯ ಯೋಜನೆಯ ಹಾಲು, ಈಗ ಮೊಟ್ಟೆ ಅಥವಾ ಬಾಳೆಹಣ್ಣು, ರಾಗಿ ಮಾಲ್ಟ್ ಕೂಡ. ಕ್ಯಾನ್ಸರ್ ಬಂದು ಶಾಲೆ ಬಿಟ್ಟು ಮನೆಯಲ್ಲಿರುವ ಮಗುವಿಗೆ, ಅಂದರೆ ಎಲ್ಲರಿಗಿಂತ ಹೆಚ್ಚು ಬೇಕಾದ ಮಗುವಿಗೆ, ಇದೆಲ್ಲ ಒಮ್ಮೆಲೇ ನಿಲ್ಲುತ್ತದೆ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ಬಿಸಿಯೂಟದ ಅಕ್ಕಿ, ಬೇಳೆಯನ್ನು ಮಕ್ಕಳ ಮನೆಗಳಿಗೆ ಕೊಡಲಾಗಿತ್ತು. ಹೆಸರು ಹಾಜರಿಪಟ್ಟಿಯಲ್ಲಿದ್ದು ಮಗು ಚಿಕಿತ್ಸೆಯಲ್ಲಿದೆ ಎಂದಾದರೆ ಅದರ ಪಾಲಿನ ಹಾಲಿನಪುಡಿ, ಮೊಟ್ಟೆ, ದವಸವನ್ನು ಮನೆಗೆ ಕಳಿಸುವ ಅನುಮತಿ ಕೊಡಿ ಎಂದು ಶಿಕ್ಷಣ ಇಲಾಖೆಯನ್ನು ಕೇಳಬೇಕು. ಮುಖ್ಯೋಪಾಧ್ಯಾಯರು, ಶಾಲೆಯ ಎಸ್‌ಡಿಎಂಸಿ ಸಮಿತಿಯವರು, ಗ್ರಾಮ ಪಂಚಾಯಿತಿಯವರು ಒಟ್ಟಿಗೆ ಒಂದು ಅರ್ಜಿ ಬರೆದರೆ ಅದಕ್ಕೆ ತೂಕ ಬರುತ್ತದೆ. ಸ್ತ್ರೀಶಕ್ತಿ ಸಂಘದವರು ತಿಂಗಳಿಗೊಮ್ಮೆ ಮೊಳಕೆ ರಾಗಿಹಿಟ್ಟು ಮಾಡಿಕೊಡಬಹುದು. ಕರೆಯುವ ಹಸು ಇರುವ ಪಕ್ಕದ ಮನೆಯವರು ಡೈರಿಗೆ ಹಾಕುವ ಮುಂಚೆ ಅರ್ಧ ಲೀಟರ್ ಆ ಮನೆಗೆ ಅಳೆದುಕೊಡಬಹುದು.

ತಂದೆತಾಯಿಗಳಿಗೆ ಕೊನೆಯದಾಗಿ ಒಂದು ಕೋರಿಕೆ. ಚಿಕಿತ್ಸೆ ಮುಗಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಫೈಲನ್ನು ಸೂರಿನ ಸಂದಿಯಲ್ಲಿ ಸಿಕ್ಕಿಸಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜಮೀನಿನ ಪತ್ರದ ಜೊತೆಗಿಡಿ. ಯಾವ ಮದ್ದು ಎಷ್ಟು ಕೊಟ್ಟರು, ಎಲ್ಲಿಗೆ ಕರೆಂಟ್ ಕೊಟ್ಟರು ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿಕೊಳ್ಳಿ. ಫೋಟೊ ತೆಗೆದು ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಹೆಣ್ಣುಮಗಳಾದರೆ ಮದುವೆಯಾಗಿ ಬಸಿರಾದಾಗ ಡಾಕ್ಟರಿಗೆ ಆ ಹಾಳೆ ಮೊದಲು ಬೇಕಾಗುತ್ತದೆ, ಹೃದಯ ಪರೀಕ್ಷೆ ಮಾಡಿಸಬೇಕೇ ಎಂದು ಅವರು ಅದನ್ನು ನೋಡಿಯೇ ತೀರ್ಮಾನಿಸುತ್ತಾರೆ. ಮುಂದಿನ ತಪಾಸಣೆಗೆ ಹೋಗುವಾಗ ಮಗುವಿನ ಜೊತೆ ಅದರ ಅಕ್ಕನನ್ನೋ ತಮ್ಮನನ್ನೋ ಕರೆದುಕೊಂಡು ಹೋಗಿ, ಅವರ ತೂಕವನ್ನೂ ನೋಡಿ ಎಂದು ಕೇಳಿ.